ಆನ್ ಆಗದ ಹಳೆಯ ಲ್ಯಾಪ್‌ಟಾಪ್: ಪರೀಕ್ಷೆ ಎಲ್ಲಿಂದ ಆರಂಭಿಸಬೇಕು?

ಮೂವತ್ತು ವರ್ಷ ದಾಟಿದ ಲ್ಯಾಪ್‌ಟಾಪ್ ಆನ್ ಆಗದಿದ್ದರೆ ಗುಂಡಿಯನ್ನು ಮತ್ತೆ ಮತ್ತೆ ಒತ್ತಬೇಡಿ; ಸೋರಿದ ಕೆಪಾಸಿಟರ್ (ವಿದ್ಯುತ್ತನ್ನು ತುಸು ಹೊತ್ತು ಹಿಡಿದಿಡುವ ಪುಟ್ಟ ಬಿಡಿಭಾಗ) ಇರುವ ಬೋರ್ಡಿಗೆ ವಿದ್ಯುತ್ ಹಾಯಿಸಿದರೆ ಹಾನಿ ಹೆಚ್ಚಬಹುದು. ಮೊದಲು ಅಡಾಪ್ಟರಿನಿಂದ ಬರುವ ವೋಲ್ಟೇಜನ್ನು ಮಲ್ಟಿಮೀಟರಿನಲ್ಲಿ ಅಳೆದು, ಯಂತ್ರದ ಮೇಲೆ ಮುದ್ರಿಸಿರುವ ಅಂಕಿಯೊಂದಿಗೆ ಹೋಲಿಸಿ. ಪ್ಲಸ್, ಮೈನಸ್ ಗುರುತನ್ನೂ ನೋಡಿ, ಏಕೆಂದರೆ ಆ ಕಾಲದ ಅಡಾಪ್ಟರುಗಳಲ್ಲಿ ಇದು ಒಂದೇ ತೆರನಾಗಿರಲಿಲ್ಲ.

ಬ್ಯಾಟರಿ ತೆಗೆದು ಪ್ರಯತ್ನಿಸುವುದು ಸಾಮಾನ್ಯವಾಗಿ ಒಳ್ಳೆಯ ಕ್ರಮ. ಆದರೆ 1989ರ ಮ್ಯಾಕಿಂಟಾಷ್ ಪೋರ್ಟಬಲ್, ಅಡಾಪ್ಟರ್ ಜೋಡಿಸಿದ್ದರೂ, ಒಳಗಿನ ಲೆಡ್-ಆಸಿಡ್ ಬ್ಯಾಟರಿ ಸತ್ತಿದ್ದರೆ ಏಳುವುದೇ ಇಲ್ಲ. ಇಷ್ಟಕ್ಕೇ ಇಂಥ ಯಂತ್ರವನ್ನು ಕೆಟ್ಟಿತೆಂದು ಎಸೆಯುವುದನ್ನು ನೆನೆದರೆ ಸಂಕಟವಾಗುತ್ತದೆ.

ಇಷ್ಟಾದರೂ ಜೀವ ಬರದಿದ್ದರೆ, ಅಡಾಪ್ಟರ್ ಕಳಚಿ, ಕವಚ ಬಿಚ್ಚಿ, ಪವರ್ ಬೋರ್ಡನ್ನು ಬೆಳಕಿಗೆ ಹಿಡಿಯಿರಿ. ಎಲೆಕ್ಟ್ರೋಲಿಟಿಕ್ (ಒಳಗೆ ದ್ರವವಿರುವ) ಕೆಪಾಸಿಟರುಗಳ ಬುಡದಲ್ಲಿ ಕಂದು ಜಿಗುಟು, ಹೊಳಪು ಕಳೆದುಕೊಂಡ ಬೆಸುಗೆ, ಬೆಸುಗೆ ಹಾಕುವ ಸಾಧನದ ಬಿಸಿ ತಗುಲಿದಾಗ ಏಳುವ ಮೀನಿನಂಥ ವಾಸನೆ ಇವೆಲ್ಲ ಸೋರಿಕೆಯ ಲಕ್ಷಣಗಳು. ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯ ಸುತ್ತ ಹಸಿರು ಕಿಲುಬು ಕಂಡರೆ ಬ್ಯಾಟರಿಯನ್ನು ತೆಗೆದು, ಜಾಗವನ್ನು ಮೊದಲು ವಿನೆಗರಿನಿಂದ, ಬಳಿಕ ಐಸೊಪ್ರೊಪೈಲ್ ಆಲ್ಕೋಹಾಲಿನಿಂದ ಒರೆಸಿ, ಪೂರ್ತಿ ಒಣಗಿಸಿ. ಕೆಪಾಸಿಟರುಗಳನ್ನು ಒಂದೆರಡಲ್ಲ, ಒಟ್ಟಿಗೇ ಬದಲಿಸಿ. ಹೊಸದರ ಮೈಕ್ರೊಫ್ಯಾರಡ್ (ಕೆಪಾಸಿಟರಿನ ಸಾಮರ್ಥ್ಯದ ಅಳತೆ) ಹಳೆಯದರಷ್ಟೇ ಇರಲಿ, ವೋಲ್ಟೇಜ್ ಮಿತಿ ಅಷ್ಟೇ ಅಥವಾ ತುಸು ಹೆಚ್ಚಿರಲಿ, ಮೈನಸ್ ಪಟ್ಟಿಯ ದಿಕ್ಕು ಮಾತ್ರ ತಪ್ಪದಿರಲಿ.