ಹೊರಸಿನಿಂದ ನೆಲಕ್ಕೆ: ಆಸ್ಪತ್ರೆಯ ಹೊರಗೆ ಜೀವರಕ್ಷಣೆ ಕಲಿತ ನನ್ನ ಅನುಭವ

ಹನ್ನೊಂದು ವರ್ಷ ತೀವ್ರ ನಿಗಾ ಘಟಕದಲ್ಲಿ ಶುಶ್ರೂಷಕಿಯಾಗಿ ದುಡಿದ ಮೇಲೆ ನಾನು ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲ್ಲೂಕಿನ ಹಳ್ಳಿಯೊಂದಕ್ಕೆ ಬಂದು ನೆಲೆಸಿದೆ. ಹೃದಯ ನಿಂತ ರೋಗಿಗೆ ಸಿಪಿಆರ್, ಅಂದರೆ ಎದೆ ಒತ್ತಿ ಉಸಿರು ಕೊಡುವ ಜೀವರಕ್ಷಣೆ, ಮಾಡುವುದು ನನಗೆ ಹೊಸದಾಗಿರಲಿಲ್ಲ. ಆದರೆ ಆ ಅನುಭವವೆಲ್ಲ ಗಟ್ಟಿ ಹಾಸಿಗೆ, ಮಾನಿಟರ್, ಆಮ್ಲಜನಕದ ಕೊಳವೆ ಮತ್ತು ಕೂಗಿದೊಡನೆ ಓಡಿಬರುವ ನಾಲ್ಕು ಜನರ ನಡುವೆ ಗಳಿಸಿದ್ದಾಗಿತ್ತು. ಅದು ಗೋಡೆಯಾಚೆ ಎಷ್ಟು ಸಾಲದೆಂಬುದು ಜನವರಿ ತಿಂಗಳ ಒಂದು ನಸುಕಿನಲ್ಲಿ ನಮ್ಮ ಮನೆಯ ಹಿಂದಿನ ಬೆಲ್ಲದ ಗಾಣದಲ್ಲಿ ತಿಳಿಯಿತು.

ಗಾಣದ ಯಜಮಾನರು ಕೊಪ್ಪರಿಗೆಯ ಪಕ್ಕದಲ್ಲೇ ಕುಸಿದಿದ್ದರು. ನಾನು ಹೋಗುವಷ್ಟರಲ್ಲಿ ಅವರನ್ನು ನುಲಿಯ ಹೊರಸಿನ ಮೇಲೆ ಮಲಗಿಸಿ, ಮುಖಕ್ಕೆ ನೀರು ಚಿಮುಕಿಸಿ, ಒಬ್ಬರು ಅಂಗಾಲು ತಿಕ್ಕುತ್ತಿದ್ದರು. "ಅಕ್ಕಾರ, ಬಾಯಿ ತೆರೀತಾರ್ರಿ, ಉಸಿರೈತ್ರಿ" ಎಂದು ಅವರ ತಮ್ಮ ಹೇಳಿದರು. ನಾಲ್ಕೈದು ಸೆಕೆಂಡಿಗೊಮ್ಮೆ ಬಾಯಿ ತೆರೆದು ಗೊರಕೆಯಂತೆ ಎಳೆದುಕೊಳ್ಳುತ್ತಿದ್ದ ಅದು ಉಸಿರಾಟವಲ್ಲ. ಹೃದಯ ನಿಂತ ಮೇಲೆ ಮೊದಲ ಕೆಲವು ನಿಮಿಷ ಮಿದುಳಿನ ಬುಡದಿಂದ ಹೊರಡುವ ಕೊನೆಯ ಏದುಸಿರು. ನಮ್ಮ ಜನ ಇದನ್ನೇ ಗುಟುಕು ಜೀವ ಎಂದು ಕರೆದು, ಜೀವ ಇದೆಯೆಂದು ನಂಬಿ ಕಾಯುತ್ತಾರೆ. ಪುಸ್ತಕದಲ್ಲಿ ಓದಿದ್ದ ನಾನೂ ಸುಮಾರು ಒಂದು ನಿಮಿಷ ಅನುಮಾನದಲ್ಲೇ ಕಳೆದೆನು, ಏಕೆಂದರೆ ಅದುವರೆಗೆ ಆ ನಿರ್ಧಾರವನ್ನು ನನ್ನ ಪರವಾಗಿ ಮಾನಿಟರಿನ ಗೆರೆ ಮಾಡುತ್ತಿತ್ತು.

ಕೊನೆಗೆ ಎದೆ ಒತ್ತತೊಡಗಿದಾಗ ಹೊರಸಿನ ನುಲಿ ಕೆಳಗೆ ಇಳಿಯಿತೇ ಹೊರತು ಎದೆ ತಗ್ಗಲಿಲ್ಲ. ನೆಲಕ್ಕೆ ಇಳಿಸಿರೆಂದು ನಾನು ಹೇಳಿದ ಕೂಡಲೇ ಅವರ ತಾಯಿ ನನ್ನ ಕೈ ಹಿಡಿದುಕೊಂಡರು: "ನೆಲಕ್ಕ ಇಳಸಬ್ಯಾಡ ತಂಗಿ, ಅವನ ಜೀವ ಇನ್ನೂ ಐತಿ." ನಮ್ಮ ಕಡೆ ಮನುಷ್ಯನನ್ನು ಹೊರಸಿನಿಂದ ನೆಲಕ್ಕೆ ಇಳಿಸುವುದು ಪ್ರಾಣ ಹೋಗುವ ಗಳಿಗೆಯಲ್ಲಿ. ಆ ತಾಯಿಗೆ ನನ್ನ ಮಾತು ಚಿಕಿತ್ಸೆಯಂತೆ ಕೇಳಿಸಲಿಲ್ಲ, ಮಗ ಹೋದನೆಂಬ ಸುದ್ದಿಯಂತೆ ಕೇಳಿಸಿತು. ಒಪ್ಪಿಸುವುದರಲ್ಲಿ ಎರಡು ಮೂರು ನಿಮಿಷ ಹೋದವು. ಆ ಯಜಮಾನರು ಉಳಿಯಲಿಲ್ಲ. ತಡವಾಗದಿದ್ದರೆ ಉಳಿಯುತ್ತಿದ್ದರೆಂದು ನಾನು ಹೇಳಲಾರೆ; ಆದರೆ ಎದೆ ಒತ್ತುವವರಿಲ್ಲದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇಕಡಾ 7ರಿಂದ 10ರಷ್ಟು ಇಳಿಯುತ್ತದೆ ಎಂಬ ಲೆಕ್ಕ ಅಂದಿನಿಂದ ನನ್ನನ್ನು ಬಿಟ್ಟಿಲ್ಲ.

ಅದೇ ವರ್ಷ ಬೆಳಗಾವಿಗೆ ಹೋಗಿ ತುರ್ತು ಜೀವರಕ್ಷಣೆಯ ತರಬೇತಿಯನ್ನು ಹೊಸದಾಗಿ ಪಡೆದೆ. ಎದೆಯೆಲುಬಿನ ಕೆಳಗಿನ ಅರ್ಧಭಾಗದ ಮೇಲೆ ಅಂಗೈಯ ಬುಡವಿಟ್ಟು 5ರಿಂದ 6 ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತುವುದು, ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡುವುದು, 30 ಒತ್ತಿಗೆ 2 ಉಸಿರು ಕೊಡುವುದು, ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗುವುದು: ಇವೆಲ್ಲ ಗೊತ್ತಿದ್ದವೇ. ಹೊಸದಾಗಿ ಸಿಕ್ಕಿದ್ದು ಅನುಕ್ರಮದ ಶಿಸ್ತು. ಮೊದಲು ಸ್ಥಳ ಸುರಕ್ಷಿತವೇ ಎಂದು ನೋಡಬೇಕು, ಆಮೇಲೆ ಉಸಿರು ಮತ್ತು ಕತ್ತಿನ ನಾಡಿಯನ್ನು ಒಟ್ಟಿಗೆ ಪರೀಕ್ಷಿಸಬೇಕು. ಅದಕ್ಕೆ ಹತ್ತು ಸೆಕೆಂಡು ಮೀರಬಾರದು, ಅನುಮಾನವಿದ್ದರೆ ಒತ್ತಲು ತೊಡಗಬೇಕು. ಆ ಹತ್ತು ಸೆಕೆಂಡಿನ ಗಡಿಯೇ ಗಾಣದಲ್ಲಿ ನನಗೆ ಬೇಕಾಗಿತ್ತು.

ತರಬೇತಿಯ ಕೋಣೆಯಲ್ಲಿ ಚೆನ್ನಾಗಿ ಮಾಡಿದ್ದನ್ನು ಊರಿಗೆ ಬಂದು ಹೊಲದಲ್ಲಿ ಮಾಡಿ ನೋಡಿದಾಗ ಅರ್ಧಕ್ಕರ್ಧ ಕೆಟ್ಟಿತು. ಹಾಗಾಗಿ ನನ್ನ ಅಭ್ಯಾಸವನ್ನೆಲ್ಲ ಹೊರಗೇ ಇಟ್ಟುಕೊಂಡೆ. ಎರಡು ನಿಮಿಷ ಮಂಡಿಯೂರಿ ಒತ್ತುವಾಗ ಕಲ್ಲುನೆಲ ಮಂಡಿಯನ್ನು ಕೊರೆಯುತ್ತದೆ, ನೋವಿಗೆ ಮೈ ಹಿಂದೆ ಸರಿದು ಒತ್ತು ಹಗುರಾಗುತ್ತದೆ. ಅದಕ್ಕೆ ಮಡಚಿದ ಗೋಣಿಚೀಲವೊಂದು ಈಗ ನನ್ನ ಕಿಟ್ಟಿನ ಭಾಗ. ಹಸಿ ಎರೆಮಣ್ಣಿನಲ್ಲಿ ಅಭ್ಯಾಸಕ್ಕೆ ಬಳಸುವ ಬೊಂಬೆಯೇ ಹುಗಿದುಹೋಗುವುದರಿಂದ ರೋಗಿಯನ್ನು ಗಟ್ಟಿ ಬದುವಿಗೋ ದಾರಿಗೋ ಎಳೆದುಕೊಳ್ಳಬೇಕು. ರಾತ್ರಿಯ ಅಭ್ಯಾಸವನ್ನು ಟ್ರ್ಯಾಕ್ಟರ್ ದೀಪದಲ್ಲಿ ಮಾಡಿದಾಗ, ಮಾಸ್ಕಿನ ಮೂಲಕ ಉಸಿರು ತುಂಬುವ ಚೀಲವಾದ ಅಂಬು ಬ್ಯಾಗ್ ಒತ್ತಿದರೆ ಎದೆ ಏರಿತೋ ಇಲ್ಲವೋ ಕಾಣುವುದೇ ಇಲ್ಲವೆಂದು ಗೊತ್ತಾಯಿತು. ದೀಪ ತಲೆಯ ಕಡೆಯಿಂದ ಬೀಳದೆ ಪಕ್ಕೆಯ ಕಡೆಯಿಂದ ಬಿದ್ದರೆ ಎದೆಯ ನೆರಳು ಏರಿಳಿಯುವುದು ಕಾಣುತ್ತದೆ. ಒಬ್ಬಳೇ ಮಾಸ್ಕನ್ನು ಬಿಗಿಹಿಡಿದು ಬ್ಯಾಗ್ ಒತ್ತುವುದು ಕಷ್ಟ. ಎರಡೂ ಕೈಯಿಂದ ಮಾಸ್ಕ್ ಹಿಡಿದು ದವಡೆ ಎತ್ತುವುದು ನನ್ನ ಕೆಲಸ, ಬ್ಯಾಗ್ ಒತ್ತುವುದು ಇನ್ನೊಬ್ಬರ ಕೆಲಸ ಎಂದು ಮಾಡಿಕೊಂಡ ಮೇಲೆ ಗಾಳಿ ಸೋರುವುದು ನಿಂತಿತು.

ಎಣಿಕೆಯ ತೊಡಕು ನನಗೆ ಅನಿರೀಕ್ಷಿತವಾಗಿತ್ತು. ಕನ್ನಡದಲ್ಲಿ ಹತ್ತರ ತನಕ ಎಣಿಕೆ ಚುರುಕಾಗಿ ಸಾಗುತ್ತದೆ. ಹದಿನೇಳು, ಇಪ್ಪತ್ತೆಂಟು ಎಂದು ಬರುವಷ್ಟರಲ್ಲಿ ಪದ ಉದ್ದವಾಗಿ, ಕೈ ಪದದ ಜೊತೆ ನಿಧಾನವಾಗುತ್ತದೆ. ಗಡಿಯಾರ ಹಿಡಿದು ನೋಡಿದರೆ 15ರಿಂದ 18 ಸೆಕೆಂಡಿನಲ್ಲಿ ಮುಗಿಯಬೇಕಾದ 30 ಒತ್ತು 25 ಸೆಕೆಂಡಿಗೆ ಹೋಗುತ್ತಿತ್ತು. ಅಂದಿನಿಂದ ನಾವು ಒಂದರಿಂದ ಹತ್ತನ್ನು ಮೂರು ಸಲ ಎಣಿಸುತ್ತೇವೆ, ಪ್ರತಿ ಹತ್ತರ ಕೊನೆಗೆ ಎಷ್ಟನೆಯ ಸಲವೆಂದು ಪಕ್ಕದವರು ಬೆರಳೆತ್ತಿ ತೋರಿಸುತ್ತಾರೆ.

ಮೂರು ವರ್ಷದಿಂದ ಕಬ್ಬಿನ ಹಂಗಾಮು ಆರಂಭವಾಗುವ ಮೊದಲು ಆಶಾ ಕಾರ್ಯಕರ್ತೆಯರು, ಟ್ರ್ಯಾಕ್ಟರ್ ಚಾಲಕರು ಮತ್ತು ಗಾಣದ ಕೆಲಸಗಾರರಿಗೆ ಇದನ್ನೇ ಕಲಿಸುತ್ತಿದ್ದೇನೆ. ಆಸ್ಪತ್ರೆಯ ಹೊರಗೆ ಸಾಮಾನ್ಯ ಜನರು ಎದೆಯನ್ನಷ್ಟೇ ಒತ್ತಿದರೆ ಸಾಕೆಂದು ಭಾರತೀಯ ಅರಿವಳಿಕೆ ತಜ್ಞರ ಸಂಘದ 2017ರ ಮಾರ್ಗಸೂಚಿ ಹೇಳುತ್ತದೆ. ಇದು ನಮ್ಮಲ್ಲಿಗೆ ಬಹಳ ಒಪ್ಪುವ ಮಾತು. ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕೆಂಬ ಭಯದಿಂದಲೇ ಹಿಂದೆ ಸರಿಯುತ್ತಿದ್ದವರು ಈಗ ಮುಂದೆ ಬರುತ್ತಾರೆ. ಆದರೆ ಘಟಪ್ರಭಾ ಎಡದಂಡೆ ಕಾಲುವೆಯ ಪಕ್ಕದ ಊರುಗಳಲ್ಲಿ ನಾನು ಇನ್ನೊಂದು ಪಾಠವನ್ನು ಸೇರಿಸುತ್ತೇನೆ. ನೀರಿನಿಂದ ತೆಗೆದವರ ಹೃದಯ ನಿಂತಿರುವುದು ಉಸಿರು ಕಟ್ಟಿದ್ದರಿಂದ, ಆದ್ದರಿಂದ ತರಬೇತಿ ಪಡೆದವರಿದ್ದರೆ ಅಲ್ಲಿ ಉಸಿರೇ ಮೊದಲು. ಹೊಟ್ಟೆ ಒತ್ತಿ ನೀರು ಕಕ್ಕಿಸುವ ರೂಢಿಯಿಂದ ಹೊಟ್ಟೆಯಲ್ಲಿದ್ದುದು ಗಂಟಲಿಗೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ, ಸಮಯವೂ ಹೋಗುತ್ತದೆ.

ಪಂಪ್‌ಸೆಟ್ಟಿನ ಬಳಿ ಬಿದ್ದವರ ವಿಷಯದಲ್ಲಿ ನಾನು ಬಹಳ ನಿಷ್ಠುರಳು. ತ್ರೀ ಫೇಸ್ ವಿದ್ಯುತ್ ರಾತ್ರಿ ಬರುವುದರಿಂದ ರೈತರು ಕತ್ತಲಲ್ಲಿ, ಒದ್ದೆಗಾಲಿನಲ್ಲಿ ಸ್ಟಾರ್ಟರ್ ಪೆಟ್ಟಿಗೆ ಮುಟ್ಟುತ್ತಾರೆ; ಒಬ್ಬ ಬಿದ್ದರೆ ಎಳೆಯಲು ಹೋದ ಅಣ್ಣನೂ ಬೀಳುತ್ತಾನೆ. ವಿದ್ಯುತ್ ಕಡಿದದ್ದು ಖಾತ್ರಿಯಾಗುವ ತನಕ ಯಾರನ್ನೂ ಮುಟ್ಟಗೊಡುವುದಿಲ್ಲವೆಂದು ಎಲ್ಲರ ಬಾಯಿಂದಲೂ ಹೇಳಿಸಿಯೇ ಬೊಂಬೆಯನ್ನು ಕೊಡುತ್ತೇನೆ.

ಪೊಲೀಸರ ಭಯ ಪ್ರತಿ ತರಬೇತಿಯಲ್ಲೂ ಏಳುತ್ತದೆ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಮು ರಸ್ತೆ ಅಪಘಾತದಲ್ಲಿ ಸದುದ್ದೇಶದಿಂದ ನೆರವಾದವರಿಗೆ ರಕ್ಷಣೆ ಕೊಡುತ್ತದೆ, ತಮ್ಮ ಹೆಸರು ಹೇಳಲೇಬೇಕೆಂದು ಅವರನ್ನು ಒತ್ತಾಯಿಸುವಂತಿಲ್ಲ ಎಂದು ಓದಿ ಹೇಳುತ್ತೇನೆ. 2008ರಿಂದ ನಮ್ಮ ರಾಜ್ಯದಲ್ಲಿರುವ 108ಕ್ಕೆ ಕರೆ ಮಾಡುವ ಕೆಲಸವನ್ನು ಗುಂಪಿನಲ್ಲಿ "ಯಾರಾದರೂ ಮಾಡ್ರಿ" ಎನ್ನದೆ ಒಬ್ಬರ ಹೆಸರು ಹಿಡಿದು ಒಪ್ಪಿಸಬೇಕು; ಮತ್ತೊಬ್ಬರು ಕಬ್ಬಿನ ದಾರಿಯ ಬಾಯಿಗೆ ಹೋಗಿ ಬ್ಯಾಟರಿ ಬೀಸುತ್ತಾ ನಿಲ್ಲಬೇಕು, ಇಲ್ಲದಿದ್ದರೆ ಆಂಬುಲೆನ್ಸ್ ಬಂದರೂ ಹೊಲ ಸಿಗುವುದಿಲ್ಲ.

ಇಷ್ಟೆಲ್ಲದರಲ್ಲಿ ನಾನು ಹೆಚ್ಚು ಸಮಯ ಕೊಡುವುದು ನೆಲಕ್ಕೆ ಇಳಿಸುವ ಮಾತಿಗೆ. ಬೊಂಬೆಯನ್ನು ನಿಜವಾದ ಹೊರಸಿನ ಮೇಲೆ ಮಲಗಿಸಿ, ಊರಿನ ಹಿರಿಯ ಹೆಂಗಸೊಬ್ಬರನ್ನು ತಾಯಿಯ ಸ್ಥಾನದಲ್ಲಿ ಕೂರಿಸಿ, ಬಂದವರೆಲ್ಲರೂ ಅವರಿಗೆ ಒಂದೇ ವಾಕ್ಯ ಹೇಳಬೇಕೆಂದು ನಿಯಮ ಮಾಡಿದ್ದೇನೆ: "ಯವ್ವಾ, ಬದುಕಿಸಾಕಂತ ನೆಲಕ್ಕ ಇಳಸಾಕತ್ತೀವಿ." ಹೇಳುತ್ತಲೇ ಇಳಿಸಬೇಕು, ಒಪ್ಪಿಗೆಗೆ ಕಾಯಬಾರದು. ಮೊದಲ ವರ್ಷ ಇದನ್ನು ಹೇಳುವಾಗ ಆಶಾ ಕಾರ್ಯಕರ್ತೆಯೊಬ್ಬರ ಕಣ್ಣು ತುಂಬಿದವು. ಅವರ ಮನೆಯಲ್ಲೂ ಒಬ್ಬರು ಹೊರಸಿನ ಮೇಲೆಯೇ ಹೋಗಿದ್ದರು.

ಕಳೆದ ಹಂಗಾಮಿನಲ್ಲಿ ಮೂರು ಕಿಲೋಮೀಟರ್ ದೂರದ ತೋಟದ ಮನೆಯಿಂದ ಕರೆ ಬಂದಿತು. ನಾನು ಸ್ಕೂಟರಿನಲ್ಲಿ ಹೋಗುವಷ್ಟರಲ್ಲಿ ಹೊರಸು ಖಾಲಿಯಾಗಿತ್ತು. ಪಡಸಾಲೆಯ ಕಲ್ಲುಹಾಸಿನ ಮೇಲೆ ಮಲಗಿಸಿದ್ದ ತಂದೆಯ ಎದೆಯನ್ನು ಟ್ರ್ಯಾಕ್ಟರ್ ಓಡಿಸುವ ಮಗ ಒತ್ತುತ್ತಿದ್ದ, ಅವನ ಹೆಂಡತಿ ಎರಡು ಬೆರಳೆತ್ತಿ ಕುಳಿತಿದ್ದಳು. ನಾನು ಎದುರಿಗೆ ಮಂಡಿಯೂರಿ ಕೈ ಬದಲಿಸಿಕೊಂಡೆ, ಅವನು ಬ್ಯಾಗ್ ಹಿಡಿದ. ಬಂದ ಆಂಬುಲೆನ್ಸಿನಲ್ಲಿ ಎಇಡಿ, ಅಂದರೆ ಹೃದಯಕ್ಕೆ ವಿದ್ಯುತ್ ಶಾಕ್ ಕೊಡುವ ಯಂತ್ರ, ಇತ್ತು; ಬೆವರಿದ ಎದೆಯನ್ನು ಅವರದೇ ರುಮಾಲಿನಿಂದ ಒರೆಸಿ ಪ್ಯಾಡ್ ಅಂಟಿಸಿದೆವು, ಎಲ್ಲರೂ ದೂರ ಸರಿದ ಮೇಲೆ ಶಾಕ್ ಕೊಟ್ಟು, ನಾಡಿ ನೋಡಲು ನಿಲ್ಲದೆ ಕೂಡಲೇ ಮತ್ತೆ ಎರಡು ನಿಮಿಷ ಒತ್ತಿದೆವು. ಎರಡನೆಯ ಶಾಕಿನ ನಂತರದ ಪರೀಕ್ಷೆಯಲ್ಲಿ ಕತ್ತಿನ ನಾಡಿ ಬೆರಳಿಗೆ ಸಿಕ್ಕಿತು. ಬಾಗಲಕೋಟೆಗೆ ಹೊರಟ ಆಂಬುಲೆನ್ಸಿನ ಸಿಬ್ಬಂದಿಗೆ ಕುಸಿದ ಹೊತ್ತು, ಒತ್ತಲು ತೊಡಗಿದ ಹೊತ್ತು ಮತ್ತು ಎರಡು ಶಾಕಿನ ಹೊತ್ತುಗಳನ್ನು ಬರೆದ ಚೀಟಿ ಕೊಟ್ಟೆ. ಮೊದಲ ಎರಡರ ನಡುವೆ ಒಂದೇ ನಿಮಿಷವಿತ್ತು.