ಮಕ್ಕಳಿಗೆ ದುಡ್ಡಿನ ಲೆಕ್ಕ: ಸಂತೆಯಿಂದ ಪಾಸ್‌ಬುಕ್‌ವರೆಗೆ

ಈಗಿನ ಮಕ್ಕಳು ದುಡ್ಡನ್ನು ಕಣ್ಣಲ್ಲಿ ನೋಡುವುದೇ ಕಡಿಮೆ. ಅಂಗಡಿಯಲ್ಲಿ ಅಪ್ಪ ಫೋನ್ ಹಿಡಿಯುತ್ತಾರೆ, ಸ್ಪೀಕರ್ ಕೂಗುತ್ತದೆ, ಸಾಮಾನು ಕೈಗೆ ಬರುತ್ತದೆ. ಹೋಗಿದ್ದೆಷ್ಟು, ಉಳಿದಿದ್ದೆಷ್ಟು ಅಂತ ಮಗುವಿಗೆ ಗೊತ್ತಾಗುವುದು ಹೇಗೆ? ಅದಕ್ಕೇ ನೋಟು, ಚಿಲ್ಲರೆಯಿಂದಲೇ ಶುರು ಮಾಡಿ.

ಐದಾರು ವರ್ಷದ ಮಗುವಿನ ಮುಂದೆ ಒಂದಷ್ಟು ನೋಟು, ನಾಣ್ಯ ಹರಡಿ. 50ರ ನೋಟು ತಿರುಗಿಸಿದರೆ ಹಂಪಿಯ ಕಲ್ಲಿನ ರಥ. ಪಕ್ಕದ ಭಾಷೆಗಳ ಪಟ್ಟಿಯಲ್ಲಿ ನಾಲ್ಕನೇ ಸಾಲು ಕನ್ನಡ. ಅದನ್ನು ಮಗುವೇ ಹುಡುಕಲಿ. ಆಮೇಲೆ 50 ರೂಪಾಯಿಯನ್ನು ಎಷ್ಟು ಬಗೆಯಲ್ಲಿ ಜೋಡಿಸಬಹುದು ಅಂತ ಕೇಳಿ. ಈ ಆಟ ನಾಲ್ಕು ದಿನ ಆಡಿದರೆ ಸಾಕು.

ಮುಂದಿನದು ಸಂತೆ. ಕೈಗೆ 100 ರೂಪಾಯಿ, ಒಂದು ಚೀಟಿ ಕೊಡಿ: ಅರ್ಧ ಕೆಜಿ ಟೊಮೆಟೊ, ಕಾಲು ಕೆಜಿ ಬೀನ್ಸ್, ಒಂದು ಕಟ್ಟು ಸೊಪ್ಪು. ಬೆಲೆ ಅವರೇ ಕೇಳಲಿ, ಚಿಲ್ಲರೆ ಅವರೇ ಎಣಿಸಿಕೊಳ್ಳಲಿ. ನೀವು ಪಕ್ಕದಲ್ಲಿ ಸುಮ್ನೆ ನಿಂತಿರಿ.

ನಮ್ಮ ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಸಂತೆ ನಡೆಯುತ್ತದೆ. ನನ್ನ ಪ್ರಕಾರ ವ್ಯಾಪಾರ ಕಲಿಯಲು ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಆದರೆ ಸಂತೆ ಮುಗಿದ ಮೇಲೆ ಮನೆಯಲ್ಲಿ ಕೂತು ಲೆಕ್ಕ ಹಾಕಲೇಬೇಕು. ಮಗಳು ಕಟ್ಟಿಗೆ 5 ರೂಪಾಯಿಯಂತೆ 20 ಕಟ್ಟು ಕೊತ್ತಂಬರಿ ತಂದಳು ಅಂತಿಟ್ಟುಕೊಳ್ಳಿ. ಅಸಲು 100. ತಲಾ 10ರಂತೆ 15 ಕಟ್ಟು ಹೋಯಿತು, 150 ಬಂತು. ಮಧ್ಯಾಹ್ನದ ಹೊತ್ತಿಗೆ ಬಾಡಿದ 5 ಕಟ್ಟನ್ನು ತಲಾ 3 ರೂಪಾಯಿಗೆ ಬಿಟ್ಟಳು, ಇನ್ನೊಂದು 15. ಕೈಯಲ್ಲಿ 165 ಇದೆ, ಅಷ್ಟೂ ತನ್ನದೇ ಅಂತ ಕುಣಿಯುತ್ತಾಳೆ. ಅಸಲು ತೆಗೆಯಿರಿ, ಆಟೊಗೆ ಕೊಟ್ಟ 20 ತೆಗೆಯಿರಿ. ಲಾಭ 45. ಸೊಪ್ಪು ಮನೆ ಹಿತ್ತಲದ್ದೇ ಆಗಿದ್ದರೂ ಅಸಲು ಸೊನ್ನೆ ಅಂತ ಬರೆಯಬೇಡಿ. ಗೊಬ್ಬರದ ದುಡ್ಡು, ನೀರು ಹಾಕಿದ ಅಜ್ಜಿಯ ದುಡಿಮೆ ಎರಡಕ್ಕೂ ಬೆಲೆ ಇದೆ. ಈ ಮಾತು ಮಕ್ಕಳ ಕಿವಿಗೆ ಬೀಳಲೇಬೇಕು.

ಎಂಟು ತುಂಬಿದ ಮೇಲೆ ಪಾಕೆಟ್ ಮನಿ ಕೊಡಬಹುದು. ಮೊತ್ತ ಚಿಕ್ಕದಿರಲಿ, ವಾರದ ಒಂದೇ ದಿನ ಕೊಡಿ. ಸೋಮವಾರವೇ ಕುರ್‌ಕುರೆಗೆ ಎಲ್ಲ ಖರ್ಚಾಯಿತಾ? ಬೈಯಬೇಡಿ, ಮತ್ತೆ ಕೊಡಲೂ ಬೇಡಿ. ಇಲ್ಲೇ ಹೆಚ್ಚಿನವರು ಸೋಲುವುದು. ಅಜ್ಜ ಗುಟ್ಟಾಗಿ 20 ರೂಪಾಯಿ ತುರುಕಿದರೆ ಕಲಿತದ್ದೆಲ್ಲ ಅಲ್ಲಿಗೇ ನಿಂತಿತು. ಹಾಗಾಗಿ ಹಿರಿಯರಿಗೂ ಮೊದಲೇ ಹೇಳಿಡಿ. ಮುಂದಿನ ವಾರದ್ದನ್ನು ಈಗಲೇ ಕೊಡಿ ಅಂತ ಕೇಳಿದರೆ ಕೊಡಬಹುದು, ಆದರೆ ಅದು ಸಾಲ. ಚೀಟಿಯಲ್ಲಿ ಬರೆಸಿ, ಮುಂದಿನ ವಾರ ಮುರಿದುಕೊಳ್ಳಿ.

ಪ್ಯಾಕೆಟ್ ತೂಕ ಓದುವುದನ್ನೂ ರೂಢಿ ಮಾಡಿಸಿ. ಎಂಆರ್‌ಪಿ ಹತ್ತಿರವೇ ಗ್ರಾಂಗೆ ಇಷ್ಟು ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ಎರಡು ಬಿಸ್ಕತ್ ಪ್ಯಾಕೆಟ್ ಪಕ್ಕಪಕ್ಕ ಇಟ್ಟು ಯಾವುದು ಅಗ್ಗ ಅಂತ ಕೇಳಿ ನೋಡಿ.

ಫೋನ್ ಮುಟ್ಟುವ ಮಕ್ಕಳಿಗೆ ಒಂದು ವಿಷಯ ಪಕ್ಕಾ ಗೊತ್ತಿರಬೇಕು. ಯುಪಿಐ ಪಿನ್ ಒತ್ತುವುದು ದುಡ್ಡು ಕಳಿಸಲು, ಬರುವ ದುಡ್ಡಿಗೆ ಪಿನ್ ಬೇಡ. ಒಟಿಪಿ ಯಾರು ಕೇಳಿದರೂ ಹೇಳಬಾರದು. ಗೇಮ್ ಒಳಗಿನ ನಾಣ್ಯ, ವಜ್ರಗಳನ್ನು ಕೊಂಡರೆ ಹೋಗುವುದು ಅಮ್ಮನ ಖಾತೆಯ ದುಡ್ಡು ಅಂತ ಬ್ಯಾಂಕ್ ಮೆಸೇಜ್ ತೋರಿಸಿಯೇ ಹೇಳಿ.

ಹತ್ತು ವರ್ಷ ಆದ ಮೇಲೆ ಅಂಚೆ ಕಚೇರಿಯಲ್ಲಿ ಮಗು ತನ್ನ ಹೆಸರಿನಲ್ಲೇ ಉಳಿತಾಯ ಖಾತೆ ತೆರೆದು ತಾನೇ ನಡೆಸಬಹುದು. 500 ರೂಪಾಯಿ ಸಾಕು. ತಿಂಗಳಿಗೆ 100 ಕಟ್ಟುವ ಐದು ವರ್ಷದ ಆರ್‌ಡಿ (ಕಂತಿನ ಠೇವಣಿ) ಕೂಡ ಇದೆ. ಚಲನ್ ಮಗುವೇ ತುಂಬಲಿ, ಕೌಂಟರ್‌ನಲ್ಲಿ ಅದೇ ಮಾತಾಡಲಿ. ಉಳಿತಾಯ ಖಾತೆಗೆ ಬಡ್ಡಿ ಶೇ 4. ಅಂದರೆ 500ಕ್ಕೆ ವರ್ಷಕ್ಕೆ 20 ರೂಪಾಯಿ. ಅದು ಮಾರ್ಚ್ ಕೊನೆಗೆ ಜಮಾ ಆಗುತ್ತದೆ. ಏಪ್ರಿಲ್‌ನಲ್ಲಿ ಹೇಗೂ ಶಾಲೆಗೆ ರಜೆ ಅಲ್ವಾ, ಪಾಸ್‌ಬುಕ್ ಕೊಟ್ಟು ಎಂಟ್ರಿ ಹಾಕಿಸಲು ಮಗುವನ್ನೇ ಕಳಿಸಿ.