ವಿದೇಶಕ್ಕೆ ವಲಸೆ: ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರ ಪಡೆಯುವುದು ಹೇಗೆ?

ಕೆನಡಾದಲ್ಲಿ ಕಾಯಂ ವಾಸಕ್ಕೆ ಅರ್ಜಿ ಹಾಕುವವರು, ತಮ್ಮ ಮೇಲೆ ಅಪರಾಧ ದಾಖಲೆ ಇಲ್ಲವೆಂಬುದನ್ನು ತೋರಿಸುವ ಪೊಲೀಸ್ ಕ್ಲಿಯರೆನ್ಸ್ ಪ್ರಮಾಣಪತ್ರವನ್ನು, ಅಂದರೆ ಪಿಸಿಸಿಯನ್ನು ಸಲ್ಲಿಸಲೇಬೇಕು. ಇದಕ್ಕಾಗಿ ಮೊದಲು ಠಾಣೆಗೆ ಹೋಗುವ ಅಗತ್ಯವಿಲ್ಲ. ಭಾರತೀಯ ಪಾಸ್‌ಪೋರ್ಟ್ ಹೊಂದಿದವರಿಗೆ ವಲಸೆ, ಉದ್ಯೋಗ ಅಥವಾ ದೀರ್ಘಾವಧಿ ವೀಸಾದ ಸಲುವಾಗಿ ಈ ಪತ್ರವನ್ನು ಕೊಡುವುದು ಪ್ರಾದೇಶಿಕ ಪಾಸ್‌ಪೋರ್ಟ್ ಕಚೇರಿ; ಪೊಲೀಸರ ಪಾಲಿಗೆ ಬರುವುದು ಪರಿಶೀಲನೆಯ ಕೆಲಸ ಮಾತ್ರ. ಪ್ರವಾಸಿ ವೀಸಾದಲ್ಲಿ ಹೋಗುವವರಿಗೆ ಇದನ್ನು ಕೊಡುವುದಿಲ್ಲ.

ಅರ್ಜಿ ತುಂಬುವ ಮೊದಲು ದಿನಾಂಕಗಳ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು, ಏಕೆಂದರೆ ಬಹಳಷ್ಟು ಮಂದಿ ತೊಡಕಿಗೆ ಸಿಲುಕುವುದು ಇಲ್ಲಿಯೇ. ನೀವು ಈಗ ವಾಸವಿರುವ ದೇಶದ ಪತ್ರವು, ವಲಸೆ ಅರ್ಜಿ ಸಲ್ಲಿಸುವ ದಿನಕ್ಕೆ 6 ತಿಂಗಳಿಗಿಂತ ಹಳೆಯದಾಗಿರಬಾರದು ಎಂಬುದು ಕೆನಡಾದ ನಿಯಮ. ಇತ್ತ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ, ಅಂದರೆ ನುರಿತ ಕೆಲಸಗಾರರನ್ನು ಅಂಕಗಳ ಆಧಾರದ ಮೇಲೆ ಆರಿಸುವ ಕೆನಡಾದ ಆನ್‌ಲೈನ್ ವಲಸೆ ವ್ಯವಸ್ಥೆಯಲ್ಲಿ, ಕಾಯಂ ವಾಸಕ್ಕೆ ಅರ್ಜಿ ಹಾಕುವಂತೆ ಆಹ್ವಾನ ಬಂದ ಮೇಲೆ ಎಲ್ಲ ದಾಖಲೆಗಳನ್ನೂ ಸಲ್ಲಿಸಲು ಸಿಗುವುದು 60 ದಿನ. ಪಾಸ್‌ಪೋರ್ಟಿನಲ್ಲಿರುವ ವಿಳಾಸದಲ್ಲೇ ವಾಸವಿರುವವರು ಆಹ್ವಾನ ಬಂದ ಮೇಲೆ ಕೆಲಸ ಆರಂಭಿಸಿದರೂ ಸಾಮಾನ್ಯವಾಗಿ ನಡೆದೀತು. ಮನೆ ಬದಲಿಸಿರುವವರು ಸ್ವಲ್ಪ ಮುಂಚೆಯೇ ಹೊರಡುವುದು ಜಾಣತನ. ಪಾಸ್‌ಪೋರ್ಟಿನ ಅವಧಿ ಮುಗಿಯುತ್ತ ಬಂದಿದ್ದರೆ ಅದನ್ನು ನವೀಕರಿಸಿಕೊಂಡ ನಂತರವೇ ಪಿಸಿಸಿಗೆ ಅರ್ಜಿ ಹಾಕಬೇಕು, ಏಕೆಂದರೆ ಪತ್ರದಲ್ಲಿ ಪಾಸ್‌ಪೋರ್ಟ್ ಸಂಖ್ಯೆ ನಮೂದಾಗುತ್ತದೆ.

ಭಾರತದ ಪತ್ರವೊಂದೇ ಸಾಲದಿರಬಹುದು. 18 ವರ್ಷ ತುಂಬಿದ ಮೇಲೆ, ಕಳೆದ 10 ವರ್ಷಗಳಲ್ಲಿ ಸತತ 6 ತಿಂಗಳು ಅಥವಾ ಅದಕ್ಕಿಂತ ಹೆಚ್ಚು ಕಾಲ ವಾಸವಿದ್ದ ಪ್ರತಿ ದೇಶದ ಪತ್ರವನ್ನೂ ಕೆನಡಾ ಕೇಳುತ್ತದೆ. ಮಂಗಳೂರು, ಉಡುಪಿ ಕಡೆಯಿಂದ ಹೋಗಿ ಕುವೈತ್‌ನಲ್ಲೋ ದುಬೈಯಲ್ಲೋ ದುಡಿದು ಬಂದವರು ಅಲ್ಲಿನ ಪೊಲೀಸ್ ಪತ್ರವನ್ನೂ ತರಿಸಿಕೊಳ್ಳಬೇಕಾಗುತ್ತದೆ. ಆದ್ದರಿಂದ ಅಲ್ಲಿಯ ವಾಸದ ಗುರುತಿನ ಚೀಟಿ, ವೀಸಾ ಪುಟ ಮತ್ತು ಹಳೆಯ ಪಾಸ್‌ಪೋರ್ಟಿನ ಪ್ರತಿಗಳನ್ನು ಎಂದಿಗೂ ಎಸೆಯಬಾರದು.

ಪಾಸ್‌ಪೋರ್ಟ್ ಸೇವಾ ಜಾಲತಾಣದಲ್ಲಿ ಖಾತೆ ತೆರೆದು, ಪಿಸಿಸಿ ಅರ್ಜಿಯನ್ನು ಆರಿಸಿ, ಯಾವ ದೇಶಕ್ಕಾಗಿ ಎಂಬುದನ್ನು ನಮೂದಿಸಿ, 500 ರೂಪಾಯಿ ಶುಲ್ಕವನ್ನು ಆನ್‌ಲೈನಿನಲ್ಲೇ ಪಾವತಿಸಿ ಭೇಟಿಯ ದಿನ ಕಾಯ್ದಿರಿಸಬೇಕು. ಇದೇ ಹೆಸರನ್ನು ಹೋಲುವ ನಕಲಿ ತಾಣಗಳು ಹೆಚ್ಚಿನ ಹಣ ಕೀಳುತ್ತವೆ. ಸರ್ಕಾರಿ ತಾಣದ ವಿಳಾಸ ‘ಜಿಒವಿ ಡಾಟ್ ಇನ್’ ಎಂದೇ ಕೊನೆಗೊಳ್ಳುತ್ತದೆ. ಬೆಂಗಳೂರಿನ ಲಾಲ್‌ಬಾಗ್ ಮತ್ತು ಮಾರತಹಳ್ಳಿ, ಹುಬ್ಬಳ್ಳಿ, ಮಂಗಳೂರಿನ ಸೇವಾ ಕೇಂದ್ರಗಳಲ್ಲದೆ, 2022ರ ಸೆಪ್ಟೆಂಬರ್ 28ರಿಂದ ಅಂಚೆ ಕಚೇರಿಯ ಪಾಸ್‌ಪೋರ್ಟ್ ಕೇಂದ್ರಗಳಲ್ಲೂ ಪಿಸಿಸಿಗೆ ಸಮಯ ಸಿಗುತ್ತದೆ. ಹೀಗಾಗಿ ಮೈಸೂರಿನವರು ಇದಕ್ಕೆಂದೇ ಬೆಂಗಳೂರಿಗೆ ಬರಬೇಕಿಲ್ಲ.

ಭೇಟಿಯ ದಿನ ಮೂಲ ಪಾಸ್‌ಪೋರ್ಟ್, ಅದರ ಮೊದಲ ಎರಡು ಮತ್ತು ಕೊನೆಯ ಎರಡು ಪುಟಗಳ ಸ್ವಯಂ ದೃಢೀಕರಿಸಿದ ಪ್ರತಿ, ವಲಸೆ ಅರ್ಜಿಗೆ ಸಂಬಂಧಿಸಿದ ಪತ್ರ, ವಿಳಾಸ ಬದಲಾಗಿದ್ದರೆ ಈಗಿನ ವಿಳಾಸದ ಪುರಾವೆ ಜೊತೆಗಿರಲಿ. ಸೇವಾ ಕೇಂದ್ರದಲ್ಲಿ ಎ ಕೌಂಟರಿನಲ್ಲಿ ದಾಖಲೆಗಳ ಸ್ಕ್ಯಾನ್ ಮತ್ತು ಫೋಟೊ, ಬಿ ಕೌಂಟರಿನಲ್ಲಿ ಪರಿಶೀಲನೆ, ಸಿ ಕೌಂಟರಿನಲ್ಲಿ ಅಧಿಕಾರಿಯ ತೀರ್ಮಾನ ನಡೆಯುತ್ತದೆ.

ಹಿಂದಿನ ಪೊಲೀಸ್ ವರದಿ ಸ್ಪಷ್ಟವಾಗಿದ್ದು ವಿಳಾಸವೂ ಅದೇ ಆಗಿದ್ದರೆ ಕೆಲವೊಮ್ಮೆ ಅದೇ ದಿನ ಪತ್ರ ಕೈಸೇರುವುದುಂಟು. ಇಲ್ಲವಾದರೆ ಕಡತವು ನಿಮ್ಮ ವ್ಯಾಪ್ತಿಯ ಪೊಲೀಸರಿಗೆ ಹೋಗುತ್ತದೆ. ಅವರ ಕರೆ ಬಂದಾಗ ಫೋನ್ ಎತ್ತುವುದು, ಅವರು ಬರುವಾಗ ಮನೆಯಲ್ಲಿರುವುದು, ಬಾಡಿಗೆ ಕರಾರನ್ನು ಸಿದ್ಧವಾಗಿಟ್ಟುಕೊಳ್ಳುವುದು ನಿಮ್ಮ ಹೊಣೆ. ಈ ಪರಿಶೀಲನೆಗೆ ಠಾಣೆಯಲ್ಲಿ ಪ್ರತ್ಯೇಕ ಶುಲ್ಕವೇನೂ ಇಲ್ಲ ಎಂಬುದು ನೆನಪಿರಲಿ. ನ್ಯಾಯಾಲಯದಲ್ಲಿ ಪ್ರಕರಣ ಬಾಕಿಯಿದ್ದರೆ ಅದನ್ನು ಅರ್ಜಿಯಲ್ಲಿ ಮುಚ್ಚಿಡಬಾರದು. ತಪ್ಪು ಮಾಹಿತಿ ಕೊಡುವುದು 1967ರ ಪಾಸ್‌ಪೋರ್ಟ್ ಕಾಯ್ದೆಯಡಿ ಶಿಕ್ಷಾರ್ಹ.

ಈಗಾಗಲೇ ವಿದೇಶದಲ್ಲಿ ನೆಲೆಸಿರುವವರು ಆ ದೇಶದಲ್ಲಿರುವ ಭಾರತೀಯ ರಾಯಭಾರ ಕಚೇರಿಯ ಮೂಲಕ ಅರ್ಜಿ ಸಲ್ಲಿಸಬೇಕು.

ಪತ್ರ ಕೈಗೆ ಬಂದೊಡನೆ ಹೆಸರಿನ ಅಕ್ಷರ, ಪಾಸ್‌ಪೋರ್ಟ್ ಸಂಖ್ಯೆ, ದೇಶದ ಹೆಸರು ಮತ್ತು ದಿನಾಂಕವನ್ನು ಓದಿ ನೋಡಿ, ತಪ್ಪಿದ್ದರೆ ಕೂಡಲೇ ತಿದ್ದುಪಡಿ ಕೇಳಿ. ಆನಂತರ ಮೂಲ ಪತ್ರವನ್ನೇ ಬಣ್ಣದಲ್ಲಿ ಸ್ಕ್ಯಾನ್ ಮಾಡಿ ವಲಸೆ ಅರ್ಜಿಗೆ ಸೇರಿಸಿ. ಜೆರಾಕ್ಸ್ ಪ್ರತಿಯ ಸ್ಕ್ಯಾನನ್ನು ಕೆನಡಾ ಒಪ್ಪುವುದಿಲ್ಲ.